ಗೆಲಿಂಗ್ ಗುಡ್ಡೆಯ ಮಂಟಪದಲ್ಲಿ ಒಂದು ಪಾಡ್ಯದ ಬೆಳಗು

ನಮ್ಮ ಕರಾವಳಿಯ ಮನೆಗಳಿಗೆ ಚೀನವೆಂಬುದು ಹೊಸ ಹೆಸರೇನೂ ಅಲ್ಲ. ಉಗ್ರಾಣದಲ್ಲಿ ಉಪ್ಪಿನಕಾಯಿ ತುಂಬಿಸಿಟ್ಟದ್ದು ಚೀನೀ ಭರಣಿ. ಹಿತ್ತಿಲ ಬಳ್ಳಿಯಲ್ಲಿ ಬಿಡುವುದು ಚೀನಿಕಾಯಿ. ಕೊಚ್ಚಿಗೆ ಹೋದವರು ನೋಡಿ ಬರುವುದು ಚೀನವಲೆ. ಹದಿನಾಲ್ಕನೆಯ ಶತಮಾನದಲ್ಲಿ ಮೊರೊಕ್ಕೋ ದೇಶದ ಯಾತ್ರಿಕ ಇಬ್ನ್ ಬತೂತ ಮಂಗಳೂರಿನಿಂದ ಏಳಿಮಲೆಗೆ ನಮ್ಮ ಕಡಲ ಬದಿಯಲ್ಲೇ ಹಾದುಹೋದ. ಏಳಿಮಲೆಗೆ ಚೀನದ ದೊಡ್ಡ ಹಡಗುಗಳು ಬರುತ್ತವೆ ಎಂದು ಬರೆದಿಟ್ಟ. ಅವನಿಗಿಂತ ಅರ್ಧ ಶತಮಾನ ಮುಂಚೆ ಮಾರ್ಕೋ ಪೋಲೋ ಕೂಡ ಇದೇ ಏಳಿಮಲೆಯ ರಾಜ್ಯವನ್ನು ವರ್ಣಿಸಿದ್ದ. ಈ ಇಬ್ಬರೂ ಚೀನದಲ್ಲಿ ಕಂಡು ಬೆರಗಾದ ಪಟ್ಟಣ ಒಂದೇ. ಇವನು ಅದನ್ನು ಕಿನ್ಸಾಯಿ ಎಂದ. ಅವನು ಖನ್ಸಾ ಎಂದ. ಇಂದಿನ ಹೆಸರು ಹಾಂಗ್‌ಝೌ.

ಆ ಪಟ್ಟಣಕ್ಕೆ ನಾನು ಹೋದದ್ದು 2018ರ ನವೆಂಬರ್ ತಿಂಗಳಲ್ಲಿ. ಕನ್ನಡ ಶಾಲೆಯೊಂದರಲ್ಲಿ ಪಾಠ ಹೇಳಿ ನಿವೃತ್ತನಾದ ನನ್ನಂಥವನಿಗೆ ಚೀನದಲ್ಲಿ ಏನು ಕೆಲಸವೆಂದು ಓದುಗರು ಕೇಳಬಹುದು. ಕೆಲಸ ನನ್ನದಲ್ಲ, ಸೋದರಳಿಯನದು. ಅವನು ಅಂಗಡಿಗೆ ಬೇಕಾದ ಸಾಮಾನು ತರಲು ಯಿವೂ ಎಂಬ ಪೇಟೆಗೆ ಹೋಗುವವನು. ನಮ್ಮ ಜಿಲ್ಲೆಯ ವ್ಯಾಪಾರಿಗಳಿಗೆ ಆ ಹೆಸರು ಚೆನ್ನಾಗಿ ಗೊತ್ತು. "ಮಾವ, ಒಂದು ಸಲ ಬನ್ನಿ, ಬರೇ ಪುಸ್ತಕದಲ್ಲಿ ಓದಿದರೆ ಸಾಕೇ?" ಎಂದು ಅವನು ಒತ್ತಾಯಿಸಿದ. ಯಿವೂವಿನಿಂದ ಹಾಂಗ್‌ಝೌಗೆ ವೇಗದ ರೈಲಿನಲ್ಲಿ ಒಂದು ಗಂಟೆಯೂ ಇಲ್ಲ. ಹೀಗಾಗಿ ದೀಪಾವಳಿಯ ಮರುದಿನ, ಊರಲ್ಲಿ ಬಲಿಯೇಂದ್ರನಿಗೆ ದೀಪ ಇಡುವ ದಿನ, ನಾವಿಬ್ಬರೂ ಹಾಂಗ್‌ಝೌದ ಪಶ್ಚಿಮ ಸರೋವರದ ದಡದಲ್ಲಿದ್ದೆವು.

ಗುಡ್ಡೆ ಹತ್ತಿದ್ದು

ಪಶ್ಚಿಮ ಸರೋವರವನ್ನು 2011ರಲ್ಲಿ ಯುನೆಸ್ಕೋ ಸಂಸ್ಥೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ನೋಡಲು ಬರುವವರಿಗೆ ಲೆಕ್ಕವಿಲ್ಲ. ದಡದ ದಾರಿಯಲ್ಲಿ ನಮ್ಮ ಮಧೂರಿನಲ್ಲಿ ಮೂಡಪ್ಪ ಸೇವೆಗೆ ಸೇರುವಷ್ಟು ಜನ. ಆದರೆ ಉತ್ತರ ದಡದ ರಸ್ತೆಯನ್ನು ದಾಟಿ ಒಂದು ಕಲ್ಲಿನ ಮೆಟ್ಟಿಲ ದಾರಿ ಹಿಡಿದರೆ ಆ ಗದ್ದಲವೆಲ್ಲ ಹಿಂದೆ ಉಳಿಯುತ್ತದೆ. ಇದೇ ಗೆಲಿಂಗ್ ಗುಡ್ಡೆ. ದೊಡ್ಡ ಗುಡ್ಡೆಯೇನೂ ಅಲ್ಲ. ನಮ್ಮ ಪೊಸಡಿ ಗುಂಪೆ ಹತ್ತಿದವರಿಗೆ ಇದು ಕಷ್ಟವಲ್ಲ. ಇಕ್ಕೆಲದಲ್ಲೂ ಮರಗಳು. ಅವುಗಳಲ್ಲಿ ಕರ್ಪೂರದ ಮರವನ್ನು ಆ ಪಟ್ಟಣ ತನ್ನ ಮರವೆಂದೇ ಆರಿಸಿಕೊಂಡಿದೆ. ಎಲೆಯೊಂದನ್ನು ಕಿತ್ತು ಹೊಸಕಿ ಮೂಸಿದೆ. ದೇವರ ಕೋಣೆಯ ವಾಸನೆ.

ನಾವು ಇನ್ನೂ ಕತ್ತಲಿರುವಾಗಲೇ ಹೊರಟಿದ್ದೆವು. ಅದಕ್ಕೊಂದು ಕಾರಣವಿತ್ತು. ಗುಡ್ಡೆಯ ನೆತ್ತಿಯಲ್ಲಿ ಒಂದು ಕಲ್ಲಿನ ಕಟ್ಟೆ, ಅದರ ಮೇಲೊಂದು ಮಂಟಪ. ಚೀನೀ ಭಾಷೆಯಲ್ಲಿ ಅದರ ಹೆಸರಿಗೆ 'ಮೊದಲ ಬಿಸಿಲ ಕಟ್ಟೆ' ಎಂದರ್ಥ. ಅಲ್ಲಿಂದ ಕಾಣುವ ಸೂರ್ಯೋದಯ ಹಾಂಗ್‌ಝೌದ ಹಳೆಯ ಹತ್ತು ಪ್ರಸಿದ್ಧ ನೋಟಗಳಲ್ಲಿ ಒಂದು. ಅಷ್ಟೇ ಅಲ್ಲ, ಚೀನೀ ಪಂಚಾಂಗದ ಹತ್ತನೆಯ ತಿಂಗಳ ಮೊದಲ ದಿನ ಅಲ್ಲಿ ಸೂರ್ಯನೂ ಚಂದ್ರನೂ ಒಟ್ಟಿಗೆ ಮೇಲೇಳುವುದು ಕಾಣುತ್ತದೆಂದು ಸ್ಥಳಪುರಾಣ. ಅವರ ತಿಂಗಳುಗಳೂ ನಮ್ಮವುಗಳಂತೆ ಅಮಾವಾಸ್ಯೆಯನ್ನು ಅನುಸರಿಸುವಂಥವು. ಆ ವರ್ಷ ಅವರ ಹತ್ತನೆಯ ತಿಂಗಳ ಮೊದಲ ದಿನ ನವೆಂಬರ್ 8 ಆಗಿತ್ತು. ನಮ್ಮ ಲೆಕ್ಕದಲ್ಲಿ ಕಾರ್ತಿಕ ಶುದ್ಧ ಪಾಡ್ಯ. ಅವರ ಪುರಾಣದ ದಿನವೂ ನಮ್ಮ ಬಲಿಪಾಡ್ಯವೂ ಒಂದೇ ಎಂದು ತಿಳಿದಾಗ ಅಳಿಯನ ನಿದ್ದೆ ಕೆಡಿಸಿಯಾದರೂ ಅವನನ್ನು ಕರೆದುಕೊಂಡು ಹೋಗದೆ ಇರಲಾಗಲಿಲ್ಲ.

ಮಂಟಪದಲ್ಲಿ ನಾಲ್ಕಾರು ಮಂದಿ ಮುದುಕರು ಮಾತ್ರ ಇದ್ದರು. ಒಬ್ಬರು ಕೈಕಾಲುಗಳನ್ನು ನಿಧಾನವಾಗಿ ಚಾಚುತ್ತ ವ್ಯಾಯಾಮ ಮಾಡುತ್ತಿದ್ದರು. ಇನ್ನೊಬ್ಬರು ಫ್ಲಾಸ್ಕಿನಿಂದ ಬಿಸಿನೀರು ಕುಡಿಯುತ್ತಿದ್ದರು. ಕೆಳಗೆ ಸರೋವರ, ಪಕ್ಕದ ಗುಡ್ಡೆಯ ಮೇಲೆ ಕಡ್ಡಿಯಂತೆ ನೇರವಾಗಿ ನಿಂತ ಬಾವೋಚು ಗೋಪುರ, ಆಚೆಗೆ ಪಟ್ಟಣದ ಎತ್ತರದ ಕಟ್ಟಡಗಳು. ಮೋಡ ಮುಸುಕಿತ್ತು. ಸೂರ್ಯನೂ ಕಾಣಲಿಲ್ಲ, ಚಂದ್ರನೂ ಕಾಣಲಿಲ್ಲ. ಅಮಾವಾಸ್ಯೆಯ ಹೊತ್ತಿಗೆ ಚಂದ್ರ ಸೂರ್ಯನ ಜತೆಯಲ್ಲೇ ಹುಟ್ಟುವುದು ಹಾಂಗ್‌ಝೌದಲ್ಲೂ ನಿಜ, ಕುಂಬಳೆಯಲ್ಲೂ ನಿಜ; ಬಿಸಿಲಿನ ಬದಿಯಲ್ಲಿ ಅವನು ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ. ಮೋಡದ ಹಿಂದೆ ಇಬ್ಬರೂ ಏರುತ್ತಿದ್ದಾರೆಂದು ಮನಸ್ಸಿನಲ್ಲೇ ಕೈಮುಗಿದೆ. ಫ್ಲಾಸ್ಕಿನ ಮುದುಕರು ನನ್ನನ್ನು ನೋಡಿ ನಕ್ಕು, ಆಕಾಶ ತೋರಿಸಿ, ಕೈಯಾಡಿಸಿ 'ಇಲ್ಲ' ಎಂದರು. ಆ ಬೆಳಗಿನಲ್ಲಿ ನಮಗಿಬ್ಬರಿಗೂ ಅರ್ಥವಾದ ಮಾತು ಅದೊಂದೇ.

ಗೆ ಹೊಂಗ್ ಎಂಬ ಮನುಷ್ಯ

ಗುಡ್ಡೆಗೆ ಈ ಹೆಸರು ಬಂದದ್ದು ಗೆ ಹೊಂಗ್ ಎಂಬವನಿಂದ. ಕ್ರಿ.ಶ. 283ರಲ್ಲಿ ಹುಟ್ಟಿದವನು. ಅಂದರೆ ನಮ್ಮ ಬನವಾಸಿಯ ಕದಂಬ ಮಯೂರಶರ್ಮನಿಗಿಂತ ಒಂದೆರಡು ತಲೆಮಾರು ಹಿರಿಯ. ದಾವೋ ಮತದ ಪಂಡಿತ. 'ದಾವೋ' ಎಂದರೆ ದಾರಿ. ಲಾವೋಜಿಯನ್ನು ಮೂಲಗುರುವೆಂದು ಕಾಣುವ ಈ ಮತ, ಲೋಕ ತನ್ನಷ್ಟಕ್ಕೆ ನಡೆಯುವ ದಾರಿಗೆ ಅಡ್ಡಬಾರದೆ ಬದುಕಬೇಕೆಂದು ಹೇಳುತ್ತದೆ. ಗೆ ಹೊಂಗ್ ತಾನೇ ಇಟ್ಟುಕೊಂಡ ಹೆಸರು 'ಬಾವೋಪು'. ಕೆತ್ತದ ಮರವನ್ನು ಅಪ್ಪಿಕೊಂಡವನು ಎಂದು ಅದರ ಅರ್ಥ. ಅದೇ ಹೆಸರಿನ ಅವನ ಗ್ರಂಥದಲ್ಲಿ ಒಳಭಾಗದ 20 ಅಧ್ಯಾಯಗಳು, ಹೊರಭಾಗದ 50 ಅಧ್ಯಾಯಗಳು. ಒಳಭಾಗದಲ್ಲಿ ಇಂಗಳೀಕ, ಪಾದರಸಗಳಿಂದ ಸಾವಿಲ್ಲದ ಗುಳಿಗೆ ಮಾಡುವ ವಿದ್ಯೆ. ನಮ್ಮಲ್ಲಿ ರಸವಾದಿಗಳೆಂದು ಕರೆಯುತ್ತಿದ್ದೆವಲ್ಲ, ಕದ್ರಿ ಗುಡ್ಡೆಯ ಜೋಗಿಗಳ ಸುತ್ತ ಕತೆಗಳಿವೆಯಲ್ಲ, ಆ ಸಾಲಿನವನೇ ಎನ್ನಬಹುದು. ಹೊರಭಾಗದಲ್ಲಿ ರಾಜಕಾರಣ, ಲೋಕನೀತಿ.

ಅವನು ಕೊನೆಯ ವರ್ಷಗಳನ್ನು ಕಳೆದದ್ದು ದಕ್ಷಿಣದ ಲುವೋಫು ಬೆಟ್ಟದಲ್ಲಿ. ಅದಕ್ಕೆ ಮೊದಲು ಈ ಗೆಲಿಂಗ್ ಗುಡ್ಡೆಯಲ್ಲಿ ಒಲೆ ಹೂಡಿ ಗುಳಿಗೆ ಕಾಯಿಸುತ್ತಿದ್ದನೆಂದು ಹಾಂಗ್‌ಝೌದವರು ನಂಬುತ್ತಾರೆ. ಮಂಟಪದಿಂದ ಸ್ವಲ್ಪ ಕೆಳಗೆ ಅವನ ಹೆಸರಿನ ಬಾವೋಪು ದೇವಾಲಯವಿದೆ. ಹಳದಿ ಬಣ್ಣದ ಗೋಡೆ ಗುಡ್ಡೆಯ ಇಳಿಜಾರಿನಲ್ಲಿ ಹಾವು ಹರಿದಂತೆ ಏರುತ್ತ ಇಳಿಯುತ್ತ ಹೋಗಿದೆ. ಒಳಗೆ ಗೆ ಹೊಂಗ್‌ನ ಗುಡಿ, ಗುಳಿಗೆಗೆ ನೀರು ಸೇದಿದ್ದೆಂದು ಹೇಳುವ ಬಾವಿ. ತಲೆಗೂದಲನ್ನು ನೆತ್ತಿಯಲ್ಲಿ ಗಂಟುಕಟ್ಟಿದ, ಕಡುನೀಲಿ ನಿಲುವಂಗಿಯ ಸಾಧುವೊಬ್ಬರು ಅಂಗಳ ಗುಡಿಸುತ್ತಿದ್ದರು.

ಈ ಗುಡ್ಡೆ ಯಾವಾಗಲೂ ಸಾಧುಗಳ ಕೈಯಲ್ಲಿತ್ತೆಂದಲ್ಲ. ಹದಿಮೂರನೆಯ ಶತಮಾನದಲ್ಲಿ, ಹಾಂಗ್‌ಝೌ ದಕ್ಷಿಣ ಸೊಂಗ್ ವಂಶದ ರಾಜಧಾನಿಯಾಗಿದ್ದಾಗ, ಮಂತ್ರಿ ಜಿಯಾ ಸಿದಾವೋ ಇಲ್ಲಿ ವಿಲಾಸದ ಮನೆ ಕಟ್ಟಿಸಿಕೊಂಡಿದ್ದ. ನಮ್ಮಲ್ಲಿ ಕೋಳಿಅಂಕ ಇರುವಂತೆ ಅಲ್ಲಿ ಚಿಮ್ಮಂಡೆ ಹುಳುಗಳ ಕಾಳಗ. ಮಂತ್ರಿಗೆ ಅದರ ಹುಚ್ಚು. ಚಿಮ್ಮಂಡೆಯ ಮೇಲೆ ಒಂದು ಪುಸ್ತಕವೇ ಅವನ ಹೆಸರಿನಲ್ಲಿದೆ. ಅತ್ತ ಮಂಗೋಲರು ಶಿಯಾಂಗ್‌ಯಾಂಗ್ ಕೋಟೆಗೆ ವರ್ಷಗಟ್ಟಲೆ ಮುತ್ತಿಗೆ ಹಾಕಿ ಕುಳಿತಿದ್ದರು. ಕೋಟೆ 1273ರಲ್ಲಿ ಬಿತ್ತು. 1275ರಲ್ಲಿ ಗಡೀಪಾರಿನ ದಾರಿಯಲ್ಲಿ ಮಂತ್ರಿಯ ಕೊಲೆಯಾಯಿತು. 1276ರಲ್ಲಿ ರಾಜಧಾನಿಯೇ ಮಂಗೋಲರ ಕೈಸೇರಿತು. ದೋಣಿಯಲ್ಲಿದ್ದ ತರುಣನೊಬ್ಬನನ್ನು ಮೆಚ್ಚಿ ಒಂದು ಮಾತಾಡಿದ್ದಕ್ಕೆ ಈ ಮಂತ್ರಿ ತನ್ನ ಅಂತಃಪುರದ ಹೆಣ್ಣೊಬ್ಬಳನ್ನು ಕೊಲ್ಲಿಸಿದ, ಅವಳು ಪ್ರೇತವಾಗಿ ಬಂದು ಆ ತರುಣನನ್ನು ಕಾಪಾಡಿದಳು ಎಂಬ ಕತೆ ಚೀನದ ರಂಗಭೂಮಿಯಲ್ಲಿ ಪ್ರಸಿದ್ಧ. ಆ ಕತೆಯ 'ಕೆಂಪು ಪ್ಲಮ್ ಉಪ್ಪರಿಗೆ' ಎಂಬ ಕಟ್ಟಡ ದೇವಾಲಯದ ಒಳಗೇ ಇದೆ. ಮಂತ್ರಿಯ ವೈಭವ ಹೋಯಿತು. ಗೆ ಹೊಂಗ್‌ನ ಹೆಸರು ಉಳಿಯಿತು. ಆದರೆ ಅದು ಉಳಿದದ್ದು ಸಾವಿಲ್ಲದ ಗುಳಿಗೆಯಿಂದಲ್ಲ.

ಅಂಗಿಯ ತೋಳಿನೊಳಗಿನ ಪುಸ್ತಕ

ಗೆ ಹೊಂಗ್ ಇನ್ನೊಂದು ಪುಸ್ತಕ ಬರೆದಿದ್ದ. ಅದರ ಹೆಸರಿಗೆ, ತುರ್ತಿನ ಹೊತ್ತಿಗೆಂದು ಮೊಣಕೈ ಹಿಂದೆ ಇಟ್ಟುಕೊಳ್ಳುವ ಮದ್ದಿನ ಪುಸ್ತಕ ಎಂದರ್ಥ. ಚೀನೀಯರ ಅಗಲ ತೋಳಿನ ಅಂಗಿಯೊಳಗೆ ಇಟ್ಟುಕೊಂಡು ಹೋಗಬಹುದಾದಷ್ಟು ಚಿಕ್ಕದು ಎಂಬ ಭಾವ. ಅವನ ಕಾಲದ ವೈದ್ಯಗ್ರಂಥಗಳು ಹೇಳುತ್ತಿದ್ದ ಮದ್ದುಗಳು ಬೆಲೆಯುಳ್ಳವು, ದೂರದಿಂದ ತರಿಸಬೇಕಾದವು. ಹಳ್ಳಿಯ ಬಡವನಿಗೆ ರಾತ್ರಿ ಹೊತ್ತು ಜ್ವರ ಬಂದರೆ ಅವುಗಳಿಂದ ಏನು ಪ್ರಯೋಜನ? ಅದಕ್ಕೆಂದು ಅವನು ಗುಡ್ಡೆಯಲ್ಲಿ, ಗದ್ದೆಯ ಬದುವಿನಲ್ಲಿ ಸಿಗುವ ಗಿಡಮೂಲಿಕೆಗಳನ್ನೇ ಆರಿಸಿ ಬರೆದ. ಚಳಿಜ್ವರಕ್ಕೆ, ಅಂದರೆ ಮಲೇರಿಯಕ್ಕೆ, ಅವನು ಕೊಟ್ಟ ಹಲವು ಮದ್ದುಗಳಲ್ಲಿ ಒಂದು ಚಿಂಗ್‌ಹಾವೋ ಎಂಬ ಗಿಡ. ನಮ್ಮ ದವನ, ಮಾಚಿಪತ್ರೆಗಳ ಕುಲಕ್ಕೆ ಸೇರಿದ್ದು. ಒಂದು ಹಿಡಿ ಗಿಡವನ್ನು ನೀರಿನಲ್ಲಿ ನೆನೆಹಾಕಿ, ಹಿಂಡಿ, ಆ ರಸ ಕುಡಿಯಬೇಕೆಂದು ಅವನ ಸೂಚನೆ. ಮಾತು ಅಷ್ಟೇ. ಅದು ಹದಿನಾರು ಶತಮಾನ ಪುಸ್ತಕದಲ್ಲೇ ಮಲಗಿತ್ತು.

ಇನ್ನು ನಮ್ಮ ಕಾಲಕ್ಕೆ ಬರೋಣ. ವಿಯೆಟ್ನಾಂ ಯುದ್ಧದಲ್ಲಿ ಗುಂಡಿನ ಜತೆಗೆ ಮಲೇರಿಯವೂ ಸೈನಿಕರನ್ನು ಕೊಲ್ಲುತ್ತಿತ್ತು. ಹಳೆಯ ಮದ್ದಾದ ಕ್ಲೋರೋಕ್ವಿನ್‌ಗೆ ರೋಗಾಣು ಬಗ್ಗುತ್ತಿರಲಿಲ್ಲ. ಉತ್ತರ ವಿಯೆಟ್ನಾಂ ಚೀನದ ನೆರವು ಕೇಳಿತು. 1967ರ ಮೇ 23ರಂದು ಚೀನದಲ್ಲಿ ಒಂದು ಗುಪ್ತ ಯೋಜನೆ ಆರಂಭವಾಯಿತು. ದಿನಾಂಕದಿಂದಲೇ ಅದಕ್ಕೆ '523' ಎಂದು ಹೆಸರು. 1969ರಲ್ಲಿ ಪೀಕಿಂಗಿನ ತೂ ಯೂಯೂ ಎಂಬ ಸಂಶೋಧಕಿಯನ್ನು ಒಂದು ತಂಡದ ಮುಂದಾಳಾಗಿ ನೇಮಿಸಿದರು. 1930ರಲ್ಲಿ ನಿಂಗ್ಬೋದಲ್ಲಿ, ಅಂದರೆ ಹಾಂಗ್‌ಝೌ ಇರುವ ಪ್ರಾಂತದಲ್ಲೇ ಹುಟ್ಟಿದವರು. ಅದು ಸಾಂಸ್ಕೃತಿಕ ಕ್ರಾಂತಿಯ ಕಾಲ. ಹಳೆಯದೆಲ್ಲ ಕೆಟ್ಟದೆಂದು ಗುಡಿಗಳನ್ನು ಮುಚ್ಚಿಸಿ, ಪುಸ್ತಕಗಳನ್ನು ಸುಡುತ್ತಿದ್ದ ದಿನಗಳು. ಅಂಥ ದಿನಗಳಲ್ಲಿ ಆಕೆ ಹಳೆಯ ವೈದ್ಯಗ್ರಂಥಗಳ ಮುಂದೆ ಕುಳಿತರು. ತಂಡದವರು 2000ಕ್ಕೂ ಹೆಚ್ಚು ಪಾಠಗಳನ್ನು ಕಲೆಹಾಕಿದರು. ಸುಮಾರು 200 ಗಿಡಗಳಿಂದ 380ರಷ್ಟು ಸಾರಗಳನ್ನು ತೆಗೆದು ಇಲಿಗಳ ಮೇಲೆ ಪರೀಕ್ಷಿಸಿದರು. ಚಿಂಗ್‌ಹಾವೋ ಒಮ್ಮೆ ಗುಣ ತೋರಿತು, ಮರುಸಲ ತೋರಲಿಲ್ಲ.

ಆಗ ಆಕೆ ಗೆ ಹೊಂಗ್‌ನ ಆ ಸಾಲನ್ನು ಮತ್ತೆ ಓದಿದರು. ನೆನೆಹಾಕಿ ಹಿಂಡಬೇಕು ಎಂದಿದೆ, ಕುದಿಸಬೇಕೆಂದು ಇಲ್ಲವಲ್ಲ! ಚೀನದಲ್ಲೂ ನಮ್ಮಲ್ಲಿದ್ದಂತೆ ಮದ್ದೆಂದರೆ ಹೆಚ್ಚಾಗಿ ಕಷಾಯ. ಎಂಟು ಪಾಲು ನೀರು ಒಂದು ಪಾಲಿಗೆ ಬತ್ತುವ ವರೆಗೆ ಕುದಿಸುವುದು. ನಮ್ಮ ಆಯುರ್ವೇದದಲ್ಲಿ ಕಷಾಯ ಬೇರೆ, ಹಿಂಡಿದ ಸ್ವರಸ ಬೇರೆ, ತಣ್ಣೀರಲ್ಲಿ ನೆನೆಸಿದ ಹಿಮ ಬೇರೆ ಎಂದು ವಿಂಗಡಿಸಿಟ್ಟದ್ದು ಸುಮ್ಮನೆ ಅಲ್ಲ. ಬಿಸಿಯೇ ಗಿಡದ ಗುಣವನ್ನು ಕೆಡಿಸುತ್ತಿರಬಹುದೆಂದು ತೂ ಯೂಯೂ ಊಹಿಸಿದರು. ನೀರಿನ ಬದಲು ಈಥರ್ ಎಂಬ ದ್ರವ ಬಳಸಿದರು. ಅದು ಕುದಿಯಲು 35 ಡಿಗ್ರಿ ಸಾಕು. ನಮ್ಮ ಮೇ ತಿಂಗಳ ಮಧ್ಯಾಹ್ನದ ಸೆಕೆಯಷ್ಟೆ. 1971ರ ಅಕ್ಟೋಬರ್ 4ರಂದು 191ನೆಯ ಸಂಖ್ಯೆಯ ಸಾರ ಇಲಿಗಳ ದೇಹದ ಮಲೇರಿಯ ರೋಗಾಣುಗಳನ್ನು ಪೂರ್ತಿಯಾಗಿ ನಾಶಮಾಡಿತು. ರೋಗಿಗಳಿಗೆ ಕೊಡುವ ಮುಂಚೆ ಆಕೆಯೂ ಇಬ್ಬರು ಸಹೋದ್ಯೋಗಿಗಳೂ ತಾವೇ ಅದನ್ನು ಕುಡಿದು ನೋಡಿದರು. ಮುಂದೆ ಬೇರೆ ಬೇರೆ ಸಂಸ್ಥೆಗಳ ವಿಜ್ಞಾನಿಗಳೂ ಕೈಜೋಡಿಸಿ ಬೆಳೆಸಿದ ಈ ಮದ್ದೇ ಆರ್ಟಿಮಿಸಿನಿನ್. ಅದರ ಜತೆ ಇನ್ನೊಂದು ಔಷಧ ಬೆರೆಸಿ ಕೊಡುವ ಚಿಕಿತ್ಸೆ 2010ರ ಹೊತ್ತಿಗೆ ಭಾರತದಲ್ಲೂ ಮಾರಕವಾದ ಫಾಲ್ಸಿಪಾರಂ ಮಲೇರಿಯಕ್ಕೆ ಮೊದಲ ಮದ್ದಾಯಿತು. ಲೋಕದಲ್ಲಿ ಇದರಿಂದ ಬದುಕಿದವರು ಲಕ್ಷಗಟ್ಟಲೆ, ಬಹಳ ಮಂದಿ ಮಕ್ಕಳು. 2015ರಲ್ಲಿ, ತನ್ನ 84ನೆಯ ವಯಸ್ಸಿನಲ್ಲಿ, ತೂ ಯೂಯೂ ನೊಬೆಲ್ ಪಾರಿತೋಷಕ ಪಡೆದರು. ಅವರಿಗೆ ಡಾಕ್ಟರೇಟ್ ಪದವಿ ಇರಲಿಲ್ಲ. ವಿದೇಶದಲ್ಲಿ ಓದಿದವರೂ ಅಲ್ಲ. 1940ರ ದಶಕದಲ್ಲಿ ವರ್ಷಕ್ಕೆ 3 ಕೋಟಿ ಮಲೇರಿಯ ಪ್ರಕರಣಗಳಿದ್ದ ಚೀನವನ್ನು 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಲೇರಿಯ ಮುಕ್ತವೆಂದು ಸಾರಿತು.

ನನ್ನ ತಂದೆಯ ಕಡತ

ಬಾವಿಯ ಹತ್ತಿರದ ಕಲ್ಲುಹಾಸಿನ ಮೇಲೆ ಕುಳಿತು ಇದನ್ನೆಲ್ಲ ಅಳಿಯನಿಗೆ ಹೇಳುತ್ತಿದ್ದಂತೆ ನನ್ನ ಗಂಟಲು ಕಟ್ಟಿತು. ಚಳಿಜ್ವರ ನಮ್ಮ ಮನೆಗೆ ಹೊಸದಲ್ಲ. ನನ್ನ ತಂದೆಯ ಅಕ್ಕ, ನಾನು ನೋಡದ ಅತ್ತೆ, ಮದುವೆಯಾಗಿ ಘಟ್ಟದ ಬುಡದ ಊರಿಗೆ ಹೋದವಳು ಎರಡನೆಯ ಮಳೆಗಾಲದಲ್ಲಿ ಅದೇ ಜ್ವರದಲ್ಲಿ ತೀರಿಕೊಂಡಳು. ಘಟ್ಟದ ಬುಡಕ್ಕೆ ಹೆಣ್ಣು ಕೊಡಲು ಜನ ಹೆದರುತ್ತಿದ್ದ ಕಾಲ ಅದು. ಆಮೇಲೆ ತಂದೆ ಒಂದು ಕಡತದಲ್ಲಿ ಮದ್ದುಗಳನ್ನು ಬರೆಯತೊಡಗಿದರು. ನಾಟಿವೈದ್ಯರಿಂದ ಕೇಳಿದ್ದು, ಅಜ್ಜಿಯಂದಿರು ಹೇಳಿದ್ದು, ತಾವೇ ಕೊಟ್ಟು ನೋಡಿದ್ದು. ಚಳಿಜ್ವರಕ್ಕೆ ಏಳು ಮದ್ದುಗಳಿವೆ. ಅವುಗಳಲ್ಲಿ ಐದರ ಎದುರು ತಂದೆಯೇ ಬರೆದಿದ್ದಾರೆ: 'ಗುಣ ಕಾಣಲಿಲ್ಲ.' ಹುಡುಗನಾಗಿದ್ದಾಗ ನನಗೆ ಅದು ತಮಾಷೆಯಾಗಿ ಕಾಣುತ್ತಿತ್ತು. ಗುಣ ಕಾಣದ ಮದ್ದನ್ನು ಬರೆದಿಡುವುದು ಯಾಕೆ? 191ನೆಯ ಸಾರದ ಕತೆ ಓದಿದ ಮೇಲೆ ತಿಳಿಯಿತು. ಅದರ ಹಿಂದಿನ 190ರ ಫಲವನ್ನು ಯಾರೋ ಪ್ರಾಮಾಣಿಕವಾಗಿ ಬರೆದಿಟ್ಟಿದ್ದರು.

ಒಂದು ಮಾತು ಇಲ್ಲಿ ಹೇಳಲೇಬೇಕು. ಈ ಲೇಖನ ಓದಿ ಯಾರೂ ದವನ ಹಿಂಡಿ ಕುಡಿಯಬಾರದು. ದವನದಲ್ಲಿ ಆ ಮದ್ದಿಲ್ಲ. ಜ್ವರ ಬಂದರೆ ಸರಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತಪರೀಕ್ಷೆ ಮಾಡಿಸಬೇಕು. ಹಳೆಯ ಪುಸ್ತಕ ಹೇಳಿದ್ದನ್ನೆಲ್ಲ ತೂ ಯೂಯೂ ನಂಬಲಿಲ್ಲ. ಅದೇ ಗೆ ಹೊಂಗ್‌ನ ಪಾದರಸದ ಗುಳಿಗೆ ನುಂಗಿದವರು ಸಾವನ್ನು ಬೇಗ ಕರೆಸಿಕೊಂಡರು. ಆಕೆ ಮಾಡಿದ್ದು ಇಷ್ಟೇ: ಓದಿದರು, ಒರೆಗೆ ಹಚ್ಚಿದರು. ಆದರೆ ಒರೆಗೆ ಹಚ್ಚಬೇಕಾದರೆ ಮೊದಲು ಓದಲು ಬರಬೇಕಲ್ಲ? ಹದಿನಾರು ಶತಮಾನ ಹಿಂದೆ ಬರೆದ ಅಕ್ಷರವನ್ನು ಓದಬಲ್ಲವರು ಆ ದೇಶದಲ್ಲಿ ಒಂದು ತಲೆಮಾರೂ ತಪ್ಪದೆ ಇದ್ದರು. ನನ್ನ ತಂದೆಯ ಕಡತಕ್ಕೆ ಎಪ್ಪತ್ತು ವರ್ಷವಷ್ಟೇ ಆಗಿದೆ. ನಮ್ಮ ಮನೆಯ ಮೊಮ್ಮಕ್ಕಳಲ್ಲಿ ಅದನ್ನು ಓದಬಲ್ಲವರು ಎಷ್ಟು ಮಂದಿ?

ಅಳಿಯ ತಲೆ ತಗ್ಗಿಸಿದ. ಅವನ ಮಗಳು ಮನೆಯಲ್ಲಿ ಕನ್ನಡ ಆಡುತ್ತಾಳೆ. ಶಾಲೆಯಲ್ಲಿ ಇಂಗ್ಲಿಷು, ಮಲೆಯಾಳ. ತಪ್ಪು ಅವನದೆಂದು ನಾನು ಹೇಳಲಾರೆ. ಊರಿನ ಕನ್ನಡ ತರಗತಿಗಳಲ್ಲಿ ಮಕ್ಕಳು ಕಡಿಮೆಯಾಗುತ್ತ ಬಂದದ್ದನ್ನು ಮೇಷ್ಟ್ರಾಗಿ ನಾನೇ ಕಣ್ಣಾರೆ ನೋಡಿದ್ದೇನೆ. ಮಲೆಯಾಳ ಕಲಿಯಲಿ, ಅದು ನೆರೆಮನೆಯ ಭಾಷೆ, ಬದುಕಿಗೆ ಬೇಕು. ನಾನೂ ಕಲಿತಿದ್ದೇನೆ. ಆದರೆ ಕಡತ ಇರುವುದು ಕನ್ನಡದಲ್ಲಿ. ಮೆಟ್ಟಿಲಿಳಿಯುವಾಗ ಅವನು ಎಂದ, "ಮಾವ, ಊರಿಗೆ ಹೋದ ಮೇಲೆ ಅವಳನ್ನು ಆದಿತ್ಯವಾರ ನಿಮ್ಮಲ್ಲಿಗೆ ಕಳಿಸುತ್ತೇನೆ. ಅಕ್ಷರ ಕಲಿಸುತ್ತೀರಾ?"

ಮಾತಿಗೆ ತಪ್ಪಲಿಲ್ಲ, ಕಳಿಸಿದ. ಮೊದಲ ಮೂರು ತಿಂಗಳು ಕಾಗುಣಿತದಲ್ಲೇ ಹೋಯಿತು. ಆಮೇಲೆ ವಾರಕ್ಕೊಂದು ಪುಟದಂತೆ ಕಡತವನ್ನು ಹೊಸ ನೋಟುಪುಸ್ತಕಕ್ಕೆ ನಕಲು ಮಾಡಲು ಹೇಳಿದೆ. ತಂದೆಯ ಬರಹ ಓಟದ ಬರಹ. ಅವಳು ಒಂದೊಂದು ಅಕ್ಷರದ ಮೇಲೆ ಬೆರಳಿಟ್ಟು ಓದುತ್ತಿದ್ದಳು. 'ಗುಣ ಕಾಣಲಿಲ್ಲ' ಎಂಬುದನ್ನು ಐದು ಕಡೆಯೂ ಬಿಡದೆ ಬರೆದಳು. ಚಳಿಜ್ವರದ ಪುಟದಲ್ಲಿ ಒಂದು ಕಡೆ ನಿಂತಳು.

"ಅಜ್ಜ, ಒಂದು ಕುಡ್ತೆ ನೀರು ಎಂದಿದೆ. ಕುಡ್ತೆ ಎಂದರೆ ಎಷ್ಟು?"

ನಾನು ಬಾಯಿ ತೆರೆದೆ, ಹೇಳಲಾಗಲಿಲ್ಲ. ಅವಳಿಗೆ ಗೊತ್ತಿರುವ ಅಳತೆಯಲ್ಲಿ ನನಗೆ ಗೊತ್ತಿರಲಿಲ್ಲ. ಅಟ್ಟಕ್ಕೆ ಏಣಿ ಹಾಕಿ, ಹಳೆಯ ಪಾತ್ರೆಗಳ ನಡುವೆ ಹುಡುಕಿ, ಕಿಲುಬು ಹಿಡಿದ ಕುಡ್ತೆಯನ್ನು ಕೆಳಗಿಳಿಸಿದೆ. ಹುಣಿಸೆಹುಳಿ ಹಾಕಿ ತಿಕ್ಕಿ ಕೊಟ್ಟೆ. ಅವಳು ಬಾವಿಕಟ್ಟೆಗೆ ಹೋಗಿ ಅದನ್ನು ತುಂಬಿಸಿ, ತನ್ನ ಶಾಲೆಯ ಅಳತೆಯ ಪಾತ್ರೆಗೆ ಹೊಯ್ದು, ಕಣ್ಣು ಕಿರಿದು ಮಾಡಿ ಗೆರೆ ನೋಡಿದಳು. ಆಮೇಲೆ ನೋಟುಪುಸ್ತಕದ ಅಂಚಿನಲ್ಲಿ, ತನ್ನ ಹೊಸ ಕನ್ನಡದಲ್ಲಿ, ಅದನ್ನು ಬರೆದಿಟ್ಟಳು.